ಆಕಳು ಮಾತಾಡಿದ್ರೆ ಮಕ್ಕಳು ‘ಹೆಂಗ?’ ಅಂತ ಕೇಳಲ್ಲ

ಇಂಜಿನಿಯರಿಂಗ್ ಓದೋ ನಮಗೆ ಎಲ್ಲದಕ್ಕೂ ‘ಹೆಂಗೆ’ ಅಂತ ಕೇಳೋ ಚಟ. ಆದರೆ ಆ್ಯನಿಮೇಷನ್ ಸಿನಿಮಾದಲ್ಲಿ ಬೆಕ್ಕೊಂದು ಬಸ್ಸಾಗಿ ಓಡಿ ಬಂದರೆ ಸುಮ್ಮನೆ ಹತ್ತಿ ಕೂತುಬಿಡ್ತೀವಿ. ಇಂಜಿನ್ ಎಲ್ಲಿದೆ, ಮೈಲೇಜ್ ಎಷ್ಟು ಅಂತ ಯಾರೂ ಕೇಳಲ್ಲ. ಯಾಕೆ?

ನಮಗೆ ಅನ್ನಿಸೋದು ಇಷ್ಟು: ಒಳ್ಳೆ ಮಕ್ಕಳ ಫ್ಯಾಂಟಸಿ ಒಂದೇ ಒಂದು ದೊಡ್ಡ ಸುಳ್ಳು ಹೇಳುತ್ತದೆ, ಉಳಿದದ್ದೆಲ್ಲ ನಿಜ. ಆ ಬೆಕ್ಕಿನ ಬಸ್ಸು ಇರೋದು ಜಪಾನಿನ ಹಯಾಒ ಮಿಯಾಜಾಕಿ 1988ರಲ್ಲಿ ಮಾಡಿದ ‘ಮೈ ನೇಬರ್ ಟೊಟೊರೊ’ದಲ್ಲಿ. ಅದರಲ್ಲಿ ಸತ್ಸುಕಿ ಅನ್ನೋ ಹುಡುಗಿ ನಿದ್ದೆ ಹೋದ ತಂಗಿಯನ್ನು ಬೆನ್ನಿಗೆ ಹೊತ್ತು, ಮಳೆಯಲ್ಲಿ ಅಪ್ಪನ ಬಸ್ಸಿಗೆ ಕಾಯ್ತಾಳೆ. ಪಕ್ಕದಲ್ಲಿ ಗುಡ್ಡದಂಥ ಪ್ರಾಣಿ ಟೊಟೊರೊ ಬಂದು ನಿಲ್ಲುತ್ತೆ, ತಲೆ ಮೇಲೆ ಒಂದು ಎಲೆ. ಅವಳು ಕೊಡೆ ಕೊಡ್ತಾಳೆ. ಕೊಡೆ ಮೇಲೆ ಹನಿ ಬೀಳೋ ಸದ್ದು ಅದಕ್ಕೆ ಎಷ್ಟು ಇಷ್ಟ ಆಗುತ್ತೆ ಅಂದ್ರೆ, ಒಮ್ಮೆ ಜಿಗಿದು ಮರದ ನೀರನ್ನೆಲ್ಲ ಕೆಳಗೆ ಸುರಿಸುತ್ತೆ. ಅಷ್ಟೇ ಸೀನು. ವಿಲನ್ ಇಲ್ಲ, ಫೈಟ್ ಇಲ್ಲ. ಸಂಜೆ ಕಮಲಾಪುರದಲ್ಲಿ ಕಲಬುರಗಿ ಬಸ್ಸಿಗೆ ಕಾದವರಿಗೆ ಆ ಕಾಯುವಿಕೆ ಎಷ್ಟು ನಿಜ ಅಂತ ಗೊತ್ತು.

ಆ ಜಿಗಿತದಲ್ಲೇ ಫಿಸಿಕ್ಸೂ ಇದೆ. ಟೊಟೊರೊ ಇಲ್ಲದ ಪ್ರಾಣಿ, ಆದರೆ ಅದರ ತೂಕ ಇದೆ. ಬಿದ್ದ ಚೆಂಡು ನೆಲಕ್ಕೆ ತಾಗಿದಾಗ ಚಪ್ಪಟೆಯಾಗಬೇಕು, ಏಳುವಾಗ ಉದ್ದವಾಗಬೇಕು, ಗಾತ್ರ ಮಾತ್ರ ಅಷ್ಟೇ ಇರಬೇಕು: ಆ್ಯನಿಮೇಟರುಗಳು ಮೊದಲು ಕಲಿಯೋ ಪಾಠಗಳಲ್ಲಿ ಇದೊಂದು. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 80 ನಿಮಿಷಕ್ಕೆ 57,600 ಚಿತ್ರ. ‘ಸಿಂಪಲ್’ ಅನ್ನೋದರ ಹಿಂದಿನ ಲೆಕ್ಕ ಇದು.

ನಮ್ಮದೇ ಕಥೆಗೆ ಬರೋಣ. ಗೋವಿನ ಹಾಡನ್ನು ಆಧರಿಸಿ ರವಿಶಂಕರ್ ಅವರು ‘ಪುಣ್ಯಕೋಟಿ’ ಮಾಡಿದರು. ಜನರಿಂದ ಹಣ ಕೂಡಿಸಿ ತೆಗೆದ ಚಿತ್ರ, ಸಂಗೀತ ಇಳಯರಾಜಾ, 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಆದರೆ ಭಾಷೆ ಸಂಸ್ಕೃತ! 2009ರಲ್ಲಿ ಶುರುವಾದ ಚಿಂಟು ಟಿವಿಯಲ್ಲಿ ಕಾರ್ಟೂನನ್ನ ಕನ್ನಡದಲ್ಲಿ ಕೇಳಿ ಬೆಳೆದ ನಮಗೆ ಸ್ವಲ್ಪ ಕಸಿವಿಸಿ ಆಯಿತು, ನಿಜ ಹೇಳಬೇಕಂದ್ರೆ.

ರಜೆಯಲ್ಲಿ ಕಮಲಾಪುರದ ಗೆಳೆಯನ ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ, ಓಣಿಯ ಮಕ್ಕಳ ಜೊತೆ ಅದನ್ನ ನೋಡಿದೆವು. ನಡುವೆ ಒಂದು ತಟ್ಟೆ ಕೆಂಪು ಬಾಳೆಹಣ್ಣು. ಮನೆಯಲ್ಲಿ ಕನ್ನಡ ಆಡೋರು, ಉರ್ದು ಆಡೋರು, ಲಂಬಾಣಿ ಆಡೋರು ಎಲ್ಲರೂ ಇದ್ದರು. ಸಂಸ್ಕೃತ ಯಾರಿಗೂ ಬರಲ್ಲ. ಹಾಡು ಶಾಲೆಯಲ್ಲಿ ಕಲಿತಿದ್ದರಿಂದ ದೊಡ್ಡವರು ಚಿಕ್ಕವರಿಗೆ ಕಥೆ ಹೇಳುತ್ತಾ ಹೋದರು. ಆಕಳು ಹೆಂಗೆ ಮಾತಾಡ್ತದ ಅಂತ ಒಬ್ಬರೂ ಕೇಳಲಿಲ್ಲ. ಒಬ್ಬ ಪುಟ್ಟ ಹುಡುಗ ಮಾತ್ರ ಕೇಳಿದ: “ಅಣ್ಣಾ, ಆಕಳು ತಿನ್ನಲಿಲ್ಲಂದ್ರ ಹುಲಿ ಉಪವಾಸ ಮಲಗ್ತದೇನು?”

ಹಾಡು ಬಾಯಿಪಾಠ ಇದ್ದ ನಮಗೆ ಈ ಪ್ರಶ್ನೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಮಾತಾಡೋ ಆಕಳು ಸುಳ್ಳು, ಹುಲಿಯ ಹಸಿವು ನಿಜ. ಅವನು ಹಿಡಿದದ್ದು ನಿಜವನ್ನ.

ಕನ್ನಡ ಮಾತಾಡೋ ಇಂಥ ಒಂದು ತುಣುಕನ್ನ ನಾವೇ ಬರೆದು ನೋಡೋಣ ಅಂತ ಈಗ ಹೊರಟಿದ್ದೀವಿ. ಕರು ಓಡಿ ಬಂದು ತಾಯಿಗೆ ಒರಗಬೇಕು, ಮೂರು ಸೆಕೆಂಡ್, 36 ಚಿತ್ರ. ಬ್ಲೆಂಡರ್ ಸಾಫ್ಟ್‌ವೇರ್ ಫ್ರೀ. ಶನಿವಾರ ಕ್ಲಾಸ್ ಮುಗಿದ ಮೇಲೆ ಕ್ಲಬ್ ರೂಮಲ್ಲಿ ಇರ್ತೀವಿ, ಪೆನ್ಸಿಲ್ ತಗೊಂಡು ಬರ್ರಿ.