ತೀವ್ರ ನಿಗಾ ಘಟಕದ ಶುಶ್ರೂಷೆ: ಅರಿವು ಕೈಗೆ ಇಳಿಯಬೇಕು

ಆಯುರ್ವೇದವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಇವುಗಳಲ್ಲಿ ಒಂದು ಕುಂಟಿದರೂ ಚಿಕಿತ್ಸೆ ಮುಂದೆ ಸಾಗದು. ಚರಕಸಂಹಿತೆಯು ಪರಿಚಾರಕನ ಗುಣಗಳನ್ನು ಎಣಿಸುವಾಗ ಉಪಚಾರದ ಅರಿವು, ದಕ್ಷತೆ, ಒಲವು, ಶುಚಿತ್ವ ಎಂದು ನಾಲ್ಕನ್ನು ಹೇಳಿದೆ. ಅರಿವನ್ನೂ ದಕ್ಷತೆಯನ್ನೂ ಅದು ಬೇರೆ ಬೇರೆಯಾಗಿ ಎಣಿಸಿರುವುದನ್ನು ನಾವು ಗಮನಿಸಬೇಕು. ಬಲ್ಲವರೆಲ್ಲರೂ ಮಾಡಬಲ್ಲವರಲ್ಲ. ಇಂದಿನ ತೀವ್ರ ನಿಗಾ ಘಟಕಗಳಲ್ಲಿ, ಅಂದರೆ ಐಸಿಯುಗಳಲ್ಲಿ, ಈ ಅಂತರವೇ ಪ್ರಾಣದ ಪ್ರಶ್ನೆಯಾಗಿದೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಸ್ನಾಯುಗಳು ಸೋತ ರೋಗಿಗಳ ಬಳಿ ವೈದ್ಯವಿದ್ಯಾರ್ಥಿಗಳು ಸರದಿಯಂತೆ ಕುಳಿತು, ಗಾಳಿಯ ಚೀಲವನ್ನು ಕೈಯಿಂದ ಒತ್ತಿ ಹಗಲಿರುಳು ಉಸಿರು ಕೊಟ್ಟರು. ಆ ಉಪಾಯವನ್ನು ಸೂಚಿಸಿದ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರೇ ಮರುವರ್ಷ ಅದೇ ನಗರದಲ್ಲಿ ತೀವ್ರ ನಿಗಾ ಘಟಕವನ್ನು ಆರಂಭಿಸಿದರು. ಇಂದು ಉಸಿರು ಕೊಡುವ ಕೆಲಸವನ್ನು ವೆಂಟಿಲೇಟರ್ ಮಾಡುತ್ತದೆ. ಆದರೆ ಹಾಸಿಗೆಯ ಬಳಿ ಎಚ್ಚರದಿಂದ ನಿಲ್ಲುವ ಕೆಲಸ ಶುಶ್ರೂಷಕರದೇ ಆಗಿದೆ. ವೈದ್ಯರು ಬಂದು ನೋಡಿ ಹೋಗುತ್ತಾರೆ. ಶುಶ್ರೂಷಕರು ಅಲ್ಲಿಯೇ ಇರುತ್ತಾರೆ.

ಅವರ ಕೆಲಸ ಹೊರನೋಟಕ್ಕೆ ಸಣ್ಣದಾಗಿ ಕಾಣಬಹುದು. ವೆಂಟಿಲೇಟರಿನಲ್ಲಿರುವ ರೋಗಿಗೆ ಬೇರೆ ಅಡ್ಡಿಯಿಲ್ಲದಿದ್ದರೆ ತಲೆಯ ಭಾಗವನ್ನು 30ರಿಂದ 45 ಡಿಗ್ರಿಯಷ್ಟು ಎತ್ತರಿಸಿಡಬೇಕು. ಇಲ್ಲವಾದರೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ಬಾಯಿಯನ್ನು ಶುಚಿಯಾಗಿಡಬೇಕು. ಉಸಿರುನಾಳದ ಕಫವನ್ನು ಹೀರಿ ತೆಗೆಯುವಾಗ ಒಂದು ಸಲಕ್ಕೆ 15 ಸೆಕೆಂಡು ಮೀರಬಾರದು. ಮೀರಿದರೆ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತದೆ. ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸುತ್ತಿರಬೇಕು. ರೋಗಿಯನ್ನು ಮುಟ್ಟುವ ಮುನ್ನವೂ ಮುಟ್ಟಿದ ಮೇಲೂ ಕೈ ಶುಚಿಗೊಳಿಸಬೇಕು. ಇವೆಲ್ಲ ಪಠ್ಯದಲ್ಲಿವೆ, ಪರೀಕ್ಷೆಯಲ್ಲಿ ಬರೆದವರೂ ಇದ್ದಾರೆ. ಆದರೆ ಮಧ್ಯರಾತ್ರಿ ಎರಡು ಯಂತ್ರಗಳು ಒಟ್ಟಿಗೆ ಕೂಗಿಕೊಂಡಾಗ ಕೈ ತಾನಾಗಿ ಸರಿಯಾದುದನ್ನೇ ಮಾಡಬೇಕಾದರೆ ಅಭ್ಯಾಸವೇ ಬೇಕು.

ಅಮೆರಿಕದ ಮಿಷಿಗನ್ ರಾಜ್ಯದ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿ ಡಾ. ಪೀಟರ್ ಪ್ರೊನೊವೋಸ್ಟ್ ಅವರ ಮಾರ್ಗದರ್ಶನದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಪಾಲಿಸಬೇಕಾದ ಐದು ಕ್ರಮಗಳ ಪಟ್ಟಿಯನ್ನು ಕಡ್ಡಾಯಗೊಳಿಸಿದವು. ಕೈ ತೊಳೆಯುವುದು, ಚರ್ಮವನ್ನು ಔಷಧದಿಂದ ಶುಚಿಗೊಳಿಸುವುದು, ಅಗತ್ಯ ತೀರಿದೊಡನೆ ನಳಿಕೆಯನ್ನು ತೆಗೆಯುವುದು ಮುಂತಾದ ಸರಳ ಸಂಗತಿಗಳೇ ಅದರಲ್ಲಿದ್ದವು. ವೈದ್ಯರು ಒಂದನ್ನು ಬಿಟ್ಟರೂ ತಡೆದು ನಿಲ್ಲಿಸುವ ಅಧಿಕಾರ ಶುಶ್ರೂಷಕರಿಗಿತ್ತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, 18 ತಿಂಗಳುಗಳಲ್ಲಿ ನಳಿಕೆಯಿಂದ ರಕ್ತಕ್ಕೆ ತಗಲುವ ಸೋಂಕು ಶೇ. 66ರವರೆಗೆ ತಗ್ಗಿತು. ಹೊಸ ಔಷಧವಿಲ್ಲದೆ, ಹೊಸ ಯಂತ್ರವಿಲ್ಲದೆ ಆದ ಫಲವಿದು.

ಆದುದರಿಂದ ತರಬೇತಿಯೆಂದರೆ ಒಂದು ದಿನದ ಉಪನ್ಯಾಸ ಮತ್ತು ಪ್ರಮಾಣಪತ್ರವಲ್ಲ. ಮೊದಲು ಶುಶ್ರೂಷಕರ ತಿಳಿವಳಿಕೆಯನ್ನು ಅಳೆಯಬೇಕು. ಗೊಂಬೆಯ ಮೇಲೆ ಕೈ ಪಳಗಿಸಬೇಕು. ಅನುಭವಿಗಳು ರೋಗಿಯ ಹಾಸಿಗೆಯ ಬಳಿಯೇ ನಿಂತು ತಿದ್ದಬೇಕು. ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಬಳಸದ ವಿದ್ಯೆ ಮಾಸುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿರುವ ತೀವ್ರ ನಿಗಾ ಶುಶ್ರೂಷೆಯ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣದಲ್ಲಿಯೂ ರೋಗಿಯ ಬಳಿಯ ಕಲಿಕೆಗೇ ಹೆಚ್ಚಿನ ಕಾಲ ಮೀಸಲಾಗಿದೆ. ಆದರೆ ಒಬ್ಬರಿಗೆ ನಾಲ್ಕಾರು ಗಂಭೀರ ರೋಗಿಗಳ ಹೊಣೆ ಹೊರಿಸಿದರೆ ಎಂತಹ ತರಬೇತಿಯೂ ವ್ಯರ್ಥವಾಗುತ್ತದೆ. ಆಸ್ಪತ್ರೆ ನಡೆಸುವವರು ಇದನ್ನು ಮರೆಯಬಾರದು.

ರೋಗಿಯ ಬಂಧುಗಳಿಗೂ ಕರ್ತವ್ಯವಿದೆ. ಒಳಗೆ ಬಿಡಲು ಶುಶ್ರೂಷಕಿ ನಿರಾಕರಿಸಿದರೆ ಅದನ್ನು ದರ್ಪವೆಂದು ತಿಳಿಯಬಾರದು. ಪ್ರಜ್ಞೆಯಿಲ್ಲದ ರೋಗಿಯ ಬಾಯಿಗೆ ಎಳನೀರಾಗಲಿ, ತೀರ್ಥವಾಗಲಿ, ನಮ್ಮಂತಹ ವೈದ್ಯರು ಕೊಟ್ಟ ಕಷಾಯವೇ ಆಗಲಿ ಹಾಕಲೇಬಾರದು. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಕುತ್ತಾದೀತು. ಆಸ್ಪತ್ರೆಯನ್ನು ಆರಿಸುವಾಗ ಯಂತ್ರಗಳೆಷ್ಟಿವೆ ಎಂದು ಕೇಳುವ ನಾವು, ರಾತ್ರಿ ಪಾಳಿಯಲ್ಲಿ ತರಬೇತಾದ ಶುಶ್ರೂಷಕರು ಎಷ್ಟು ಮಂದಿ ಇರುತ್ತಾರೆ ಎಂಬುದನ್ನೂ ಕೇಳೋಣ. ಕೇಳುವವರಿದ್ದರೆ ಕಲಿಸುವವರೂ ಹೆಚ್ಚುತ್ತಾರೆ.