ಸೈಕಲ್ಲಿಗೆ ಕನ್ನಡಿ ಮತ್ತು ತಿರುವು ಸೂಚಕ ದೀಪ

ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ಸೈಕಲ್ ಸವಾರರಿಗೆ ಬಲತಿರುವೇ ಹೆಚ್ಚು ಅಪಾಯಕರ; ಹಿಂದಿನಿಂದ ಬರುವ ವಾಹನದ ಹಾದಿಯನ್ನು ಅವರು ಅಡ್ಡಹಾಯಬೇಕಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಕತ್ತು ಹೊರಳಿಸಿದಾಗ ಹ್ಯಾಂಡಲ್ ಸಹ ಅತ್ತಲೇ ವಾಲುವುದುಂಟು. ಹಾಲಿನ ಕ್ಯಾನು, ಹುಲ್ಲಿನ ಹೊರೆ ಇದ್ದರಂತೂ ಹೇಳಬೇಕಾಗಿಲ್ಲ. ಆದುದರಿಂದ ಮೊದಲು ಅಳವಡಿಸಬೇಕಾದುದು ಬಲಗಡೆಯ ಕನ್ನಡಿ. ಉಬ್ಬುಗನ್ನಡಿಯಲ್ಲಿ ವಾಹನವು ಇರುವುದಕ್ಕಿಂತ ದೂರದಲ್ಲಿರುವಂತೆ ತೋರುವುದರಿಂದ, ತಿರುಗುವ ಮುನ್ನ ಒಮ್ಮೆ ನೇರವಾಗಿಯೂ ನೋಡತಕ್ಕದ್ದು.

ಸೂಚಕ ದೀಪದ ಮೇಲೆ ಅತಿಯಾದ ಭರವಸೆ ಸಲ್ಲದು. ಸೀಟಿನ ಕೆಳಗೆ ಒತ್ತೊತ್ತಾಗಿ ಕೂರಿಸಿದ ಅಗ್ಗದ ದೀಪಗಳಲ್ಲಿ ಮಿನುಗುತ್ತಿರುವುದು ಎಡವೋ ಬಲವೋ ಎಂದು ದೂರದಿಂದ ತಿಳಿಯದು. ಬಿಸಿಲಿನಲ್ಲಿ ಅವು ಕಾಣುವುದೇ ಕಷ್ಟ. ಹಗಲಿನಲ್ಲಿ, ಅಂಗೈ ಮುಂದೆ ಮಾಡಿ ಚಾಚಿದ ಬಲಗೈಯೇ ಸ್ಪಷ್ಟವಾದ ಸಂಜ್ಞೆ. ಆದರೆ ಗುಂಡಿಬಿದ್ದ ರಸ್ತೆಯಲ್ಲಿ (ಅಂತಹವು ನಮ್ಮಲ್ಲಿ ಇಲ್ಲವೆನ್ನಲಾಗದು) ಹ್ಯಾಂಡಲಿನಿಂದ ಕೈ ತೆಗೆಯುವಂತಿಲ್ಲ. ಕತ್ತಲಾದ ಮೇಲೆ ಚಾಚಿದ ಕೈ ಕಾಣುವುದೂ ಇಲ್ಲ. ದೀಪದ ನಿಜವಾದ ಉಪಯೋಗ ಅಲ್ಲಿಯೇ. ಅವುಗಳನ್ನು ಹೊರೆಯ ಮರೆಗೆ ಸರಿಯದಂತೆ, ಸಾಧ್ಯವಾದಷ್ಟು ಅಗಲವಾಗಿ ಎರಡು ಬದಿಗೆ ಅಳವಡಿಸುವುದು. ತಿರುವಿಗೆ ಸಾಕಷ್ಟು ಮೊದಲೇ ಸೂಚನೆ ನೀಡಿದರೂ ಹಿಂದಿನ ವಾಹನ ನಿಧಾನಿಸದಿದ್ದಲ್ಲಿ, ಎಡಬದಿಯಲ್ಲಿಯೇ ಇಳಿದು, ವಾಹನ ಹಾದುಹೋದ ನಂತರ ಸೈಕಲ್ ತಳ್ಳಿಕೊಂಡು ರಸ್ತೆ ದಾಟತಕ್ಕದ್ದು.