ಜಾಲತಾಣಕ್ಕೆ ಬಂದ ಗ್ರಾಹಕರು ಬರಿಗೈಯಲ್ಲಿ ಮರಳುವುದೇಕೆ?

ಅಂಗಡಿಗೆ ಬಂದ ಗಿರಾಕಿಯು ಸರಕನ್ನು ನೋಡಿ, ದರ ವಿಚಾರಿಸಿ, ಏನನ್ನೂ ಕೊಳ್ಳದೆ ಹೊರಟರೆ ಗಲ್ಲಾದ ಬಳಿ ಕುಳಿತ ವರ್ತಕರಿಗೆ ಅದು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ದರ ಹೆಚ್ಚಾಯಿತೇ, ಸರಕು ಹಿಡಿಸಲಿಲ್ಲವೇ, ಕೆಲಸದ ಹುಡುಗನ ಮಾತು ಒರಟಾಯಿತೇ ಎಂದು ಅವರು ಯೋಚಿಸುತ್ತಾರೆ. ತಪ್ಪಿದ್ದರೆ ಮರುದಿನವೇ ತಿದ್ದಿಕೊಳ್ಳುತ್ತಾರೆ. ಸಂಸ್ಥೆಯ ಜಾಲತಾಣದಲ್ಲಿ ಈ ಅನುಕೂಲವಿಲ್ಲ. ಅಲ್ಲಿಗೆ ಬಂದವರು ಬೇಸರಗೊಂಡು ಹೊರಟರೆ ದೂರು ಹೇಳುವುದಿಲ್ಲ, ಕಾರಣ ತಿಳಿಸುವುದಿಲ್ಲ. ಮುಂದಿನ ಕ್ಷಣದಲ್ಲಿ ಅವರು ಮತ್ತೊಬ್ಬ ಉದ್ದಿಮೆದಾರರ ಜಾಲತಾಣದಲ್ಲಿರುತ್ತಾರೆ.

ಬಂದ ಆರ್ಡರು ಲೆಕ್ಕಪುಸ್ತಕದಲ್ಲಿ ದಾಖಲಾಗುತ್ತದೆ. ಬರಬೇಕಾಗಿದ್ದು ಬಾರದೆ ಹೋದ ಆರ್ಡರಿಗೆ ಯಾವ ಪುಸ್ತಕದಲ್ಲಿಯೂ ಖಾತೆಯಿಲ್ಲ. ಆದ್ದರಿಂದಲೇ ಜಾಲತಾಣದ ದೋಷಗಳಿಂದಾಗುವ ನಷ್ಟವು ವರ್ಷಗಟ್ಟಲೆ ಮಾಲೀಕರ ಗಮನಕ್ಕೆ ಬಾರದೆ ಉಳಿಯುತ್ತದೆ. ಇಂತಹ ಸಾಮಾನ್ಯ ದೋಷಗಳನ್ನೂ ಅವುಗಳ ಪರಿಹಾರವನ್ನೂ, ಕಾನೂನು ವಿಧಿಸಿರುವ ಕೆಲವು ಕರ್ತವ್ಯಗಳನ್ನೂ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಒಂದು ದುಬಾರಿ ಪಾಠ

ಬೂ ಡಾಟ್ ಕಾಂ ಎಂಬ ಸಂಸ್ಥೆಯು ಲಂಡನ್ನಿನಿಂದ ಸಿದ್ಧ ಉಡುಪುಗಳನ್ನು ಅಂತರಜಾಲದ ಮೂಲಕ ಮಾರಲು 1999ರ ನವೆಂಬರಿನಲ್ಲಿ ತನ್ನ ಜಾಲತಾಣವನ್ನು ತೆರೆಯಿತು. ಉಡುಪುಗಳನ್ನು ತಿರುಗಿಸಿ ನೋಡುವ ವ್ಯವಸ್ಥೆ, ಗ್ರಾಹಕರೊಡನೆ ಸಂಭಾಷಿಸುವ ಬೊಂಬೆ ಮುಂತಾದ ಆಕರ್ಷಣೆಗಳು ಅಲ್ಲಿದ್ದವು. ಆದರೆ ಅಂದಿನ ಬಹುಪಾಲು ಗ್ರಾಹಕರ ಮನೆಯಲ್ಲಿ ದೂರವಾಣಿ ತಂತಿಯ ನಿಧಾನಗತಿಯ ಸಂಪರ್ಕ ಮಾತ್ರವಿತ್ತು. ಪುಟಗಳು ತೆರೆದುಕೊಳ್ಳುವುದನ್ನು ಕಾಯುವುದೇ ಅವರಿಗೆ ದೊಡ್ಡ ಕೆಲಸವಾಯಿತು. ಸುಮಾರು 13.5 ಕೋಟಿ ಡಾಲರ್ ಬಂಡವಾಳವನ್ನು ಕರಗಿಸಿದ ಆ ಸಂಸ್ಥೆ 2000ದ ಮೇ ತಿಂಗಳಿನಲ್ಲಿ ಬಾಗಿಲು ಮುಚ್ಚಿತು. ಮಿತಿಮೀರಿದ ಖರ್ಚು ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೂ ಗ್ರಾಹಕರ ಅನುಕೂಲಕ್ಕಿಂತ ಥಳಕಿಗೆ ಹೆಚ್ಚು ಬೆಲೆ ಕೊಟ್ಟುದರ ಫಲಕ್ಕೆ ಈ ಪ್ರಸಂಗವನ್ನು ಇಂದಿಗೂ ಉದಾಹರಿಸಲಾಗುತ್ತದೆ. ನಮ್ಮ ಸಣ್ಣ ಉದ್ದಿಮೆಗಳ ಜಾಲತಾಣಗಳಲ್ಲಿಯೂ ಇದೇ ತಪ್ಪು ಚಿಕ್ಕ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ.

1. ತೆರೆದುಕೊಳ್ಳಲು ವಿಳಂಬ

ಗಣಕಯಂತ್ರವು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಂಡರೆ ಬಳಕೆದಾರರು ಸಹಿಸುತ್ತಾರೆ ಎಂಬುದಕ್ಕೆ ಬಳಕೆಯೋಗ್ಯತೆಯ ತಜ್ಞರಾದ ಜೇಕಬ್ ನೀಲ್ಸನ್ ಅವರು 1993ರಲ್ಲಿಯೇ ಮೂರು ಮಿತಿಗಳನ್ನು ಹೇಳಿದ್ದರು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಉತ್ತರ ಬಂದರೆ ತಡವೆಂದು ಅನ್ನಿಸುವುದಿಲ್ಲ. ಒಂದು ಸೆಕೆಂಡಿನವರೆಗೆ ಯೋಚನೆಯ ಸರಣಿ ತುಂಡಾಗುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹರಿಯುತ್ತದೆ. ಸಂಪರ್ಕದ ವೇಗ ಅಂದಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದರೂ ಮನುಷ್ಯನ ತಾಳ್ಮೆ ಹೆಚ್ಚಿಲ್ಲ.

ಸಣ್ಣ ಸಂಸ್ಥೆಗಳ ಜಾಲತಾಣ ನಿಧಾನವಾಗಲು ಸಾಮಾನ್ಯ ಕಾರಣ ಭಾರವಾದ ಛಾಯಾಚಿತ್ರಗಳು. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವು ನಾಲ್ಕೈದು ಮೆಗಾಬೈಟ್ ಇರಬಹುದು. ಅದನ್ನು ಹಾಗೆಯೇ ಏರಿಸಿ, ಒಂದು ಪುಟದಲ್ಲಿ ಇಪ್ಪತ್ತು ಚಿತ್ರಗಳನ್ನು ಜೋಡಿಸಿದರೆ ಗ್ರಾಹಕರು ನೂರು ಮೆಗಾಬೈಟಿಗೆ ಕಾಯಬೇಕಾಗುತ್ತದೆ. ಪರದೆಯ ಮೇಲೆ ಸರಕು ಸ್ಪಷ್ಟವಾಗಿ ಕಾಣಲು ಸಾಮಾನ್ಯವಾಗಿ ಒಂದು ಚಿತ್ರಕ್ಕೆ ಇನ್ನೂರು ಕಿಲೋಬೈಟ್ ಸಾಕು. ಚಿತ್ರಗಳನ್ನು ಕುಗ್ಗಿಸಿ ಏರಿಸುವಂತೆ ವಿನ್ಯಾಸಕಾರರಿಗೆ ಸೂಚಿಸಿದರೆ ಹೆಚ್ಚಿನ ಖರ್ಚಿಲ್ಲದೆ ಈ ದೋಷ ನೀಗುತ್ತದೆ.

2. ಬಾಗಿಲಲ್ಲಿಯೇ ಅಡ್ಡಗಟ್ಟುವುದು

ಮುಖಪುಟ ತೆರೆದೊಡನೆ ತಾನಾಗಿ ಮೊಳಗುವ ಸಂಗೀತ, ಸುತ್ತುತ್ತಿರುವ ಲಾಂಛನ, ಓಡುವ ಅಕ್ಷರಗಳು, ಪರದೆಯನ್ನೆಲ್ಲ ಆವರಿಸಿ 'ನಿಮ್ಮ ಮೊಬೈಲ್ ಸಂಖ್ಯೆ ನೀಡಿ' ಎನ್ನುವ ಪೆಟ್ಟಿಗೆ, ಇವೆಲ್ಲ ಗ್ರಾಹಕರು ಬಂದ ಕೆಲಸಕ್ಕೆ ಅಡ್ಡಿಗಳು. ಕಚೇರಿಯಲ್ಲಿ ಕುಳಿತು ಸದ್ದಿಲ್ಲದೆ ದರ ಹೋಲಿಸುತ್ತಿರುವ ಖರೀದಿ ಅಧಿಕಾರಿಗೆ ಹಠಾತ್ತಾಗಿ ಸಂಗೀತ ಕೇಳಿಸಿದರೆ ಅವರು ಮಾಡುವ ಮೊದಲ ಕೆಲಸ ಆ ಪುಟವನ್ನು ಮುಚ್ಚುವುದು.

ಪುಟದ ಮೇಲೆ ಪುಟ ಚಿಮ್ಮುವ ಜಾಹೀರಾತಿನ ಕ್ರಮವನ್ನು 1990ರ ದಶಕದಲ್ಲಿ ರೂಪಿಸಿದವರಲ್ಲಿ ಒಬ್ಬರಾದ ಈಥನ್ ಜುಕರ್‌ಮನ್ ಅವರು 2014ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ಮೊಬೈಲಿನಲ್ಲಿ ಮುಖ್ಯ ವಿಷಯವನ್ನು ಮರೆಮಾಡುವಂತೆ ಇಂತಹ ಪೆಟ್ಟಿಗೆಗಳನ್ನು ತೋರಿಸುವ ಪುಟಗಳು ಹುಡುಕಾಟದ ಫಲಿತಾಂಶದಲ್ಲಿ ಕೆಳಗಿಳಿಯಬಹುದೆಂದು ಗೂಗಲ್ ಸಂಸ್ಥೆಯು 2016ರಲ್ಲಿ ಪ್ರಕಟಿಸಿ, 2017ರ ಜನವರಿ 10ರಿಂದ ಜಾರಿಗೆ ತಂದಿತು.

ಫ್ಲ್ಯಾಶ್ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಪರಿಚಯ ಚಿತ್ರಗಳಿಗೆ ಒಂದು ಕಾಲದಲ್ಲಿ ಸಾವಿರಾರು ರೂಪಾಯಿ ವೆಚ್ಚವಾಗುತ್ತಿತ್ತು. ಅಡೋಬಿ ಸಂಸ್ಥೆಯು ಅದರ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿ, 2021ರ ಜನವರಿ 12ರಿಂದ ಅಂತಹ ಚಿತ್ರಗಳು ಓಡದಂತೆ ತಡೆಯಿತು. ಹಳೆಯ ಜಾಲತಾಣವನ್ನು ಹಾಗೆಯೇ ಬಿಟ್ಟಿರುವವರ ಮುಖಪುಟದಲ್ಲಿ ಇಂದು ಆ ಜಾಗ ಖಾಲಿ ಚೌಕವಾಗಿ ಉಳಿದಿರುತ್ತದೆ.

3. ವಿಳಾಸ ಮತ್ತು ದೂರವಾಣಿ ಸಿಗದಿರುವುದು

ಸಂಪರ್ಕಿಸಲೆಂದೇ ಬಂದವರಿಗೆ ಸಂಪರ್ಕದ ವಿವರ ಸಿಗದಿರುವುದು ಅತ್ಯಂತ ವಿಚಿತ್ರವಾದ ದೋಷ. ಕೆಲವೆಡೆ ಕೇವಲ ಒಂದು ನಮೂನೆ ಇರುತ್ತದೆ. ತುಂಬಿ ಕಳುಹಿಸಿದರೆ ಅದು ಯಾರಿಗೆ ತಲುಪಿತೆಂಬುದು ತಿಳಿಯದು. ಇನ್ನು ಕೆಲವೆಡೆ ದೂರವಾಣಿ ಸಂಖ್ಯೆಯನ್ನು ಚಿತ್ರದೊಳಗೆ ಬರೆದಿರುತ್ತಾರೆ. ಮೊಬೈಲಿನಲ್ಲಿ ಅದನ್ನು ಒತ್ತಿ ಕರೆ ಮಾಡಲಾಗದು.

ಕಂಪನಿಯಾಗಿ ನೋಂದಣಿಯಾದ ಸದಸ್ಯರಿಗೆ ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಕಂಪನಿಗಳ (ಸಂಯೋಜನೆ) ನಿಯಮಗಳು, 2014ರ 26ನೆಯ ನಿಯಮದ ಪ್ರಕಾರ, ಜಾಲತಾಣವುಳ್ಳ ಪ್ರತಿಯೊಂದು ಕಂಪನಿಯೂ ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಾರ್ಪೊರೇಟ್ ಗುರುತಿನ ಸಂಖ್ಯೆ, ದೂರವಾಣಿ ಸಂಖ್ಯೆ, ಫ್ಯಾಕ್ಸ್ ಇದ್ದಲ್ಲಿ ಅದರ ಸಂಖ್ಯೆ, ಇ-ಮೇಲ್ ವಿಳಾಸ ಹಾಗೂ ವಿಚಾರಣೆ ಅಥವಾ ದೂರುಗಳಿಗೆ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಮುಖಪುಟದಲ್ಲಿಯೇ ಪ್ರಕಟಿಸತಕ್ಕದ್ದು. ಆನ್‌ಲೈನ್ ಮಾರಾಟ ನಡೆಸದ ಕಂಪನಿಗೂ ಇದು ಅನ್ವಯಿಸುತ್ತದೆ. ಏಕಮಾಲೀಕತ್ವದ ಹಾಗೂ ಪಾಲುದಾರಿಕೆಯ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ, ಅವರೂ ಇದನ್ನು ಪಾಲಿಸುವುದು ವ್ಯವಹಾರದ ದೃಷ್ಟಿಯಿಂದ ಲಾಭದಾಯಕ.

4. ಹೊಗಳಿಕೆಯೇ ಹೆಚ್ಚು, ವಿವರವೇ ಕಡಿಮೆ

'ವಿಶ್ವದರ್ಜೆಯ ಗುಣಮಟ್ಟ', 'ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ' ಎಂಬ ವಾಕ್ಯಗಳು ಎಲ್ಲ ಜಾಲತಾಣಗಳಲ್ಲಿಯೂ ಇರುವುದರಿಂದ ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬೆಳಗಾವಿಯ ಎರಕದ ಕಾರ್ಖಾನೆಯೊಂದರ ಜಾಲತಾಣವನ್ನು ಪುಣೆಯ ಖರೀದಿದಾರರು ತೆರೆದರೆ ಅವರಿಗೆ ಬೇಕಾದುದು ಬೇರೆ: ಎಫ್‌ಜಿ 260 ದರ್ಜೆಯ ಎರಕ ಸಿಗುವುದೇ, ಒಂದು ಬಿಡಿಭಾಗದ ಗರಿಷ್ಠ ತೂಕ ಎಷ್ಟು, ಯಂತ್ರಗೆಲಸವೂ ಅಲ್ಲಿಯೇ ಆಗುವುದೇ, ಕನಿಷ್ಠ ಆರ್ಡರು ಎಷ್ಟು, ಎಷ್ಟು ವಾರಗಳಲ್ಲಿ ಸರಬರಾಜು. ಬ್ಯಾಡಗಿ ಮೆಣಸಿನಕಾಯಿಯ ವರ್ತಕರಾದರೆ ಬಣ್ಣದ ಮೌಲ್ಯ, ತೇವಾಂಶ, ತೊಟ್ಟು ಸಹಿತವೇ ರಹಿತವೇ, ಚೀಲದ ತೂಕ ಇವನ್ನು ತಿಳಿಸಬೇಕು. ಪ್ರತಿ ಸರಕಿನ ಮುಂದೆ ಎಚ್‌ಎಸ್‌ಎನ್ ಸಂಕೇತ ಹಾಗೂ ಜಿಎಸ್‌ಟಿ ದರವನ್ನು ನಮೂದಿಸಿದರೆ ಹೊರ ರಾಜ್ಯದ ಖರೀದಿದಾರರಿಗೆ ಒಂದು ದೂರವಾಣಿ ಕರೆಯ ಶ್ರಮ ತಪ್ಪುತ್ತದೆ. ದೂರವಾಣಿಯಲ್ಲಿ ಗ್ರಾಹಕರು ನಿತ್ಯ ಕೇಳುವ ಹತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಂಡರೆ ಜಾಲತಾಣದಲ್ಲಿ ಇರಬೇಕಾದ ಮಾಹಿತಿಯ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

5. ನೋಂದಣಿಯ ಒತ್ತಾಯ

ದರಪಟ್ಟಿ ನೋಡುವ ಮೊದಲೇ ಖಾತೆ ತೆರೆಯಬೇಕು, ಗುಪ್ತಪದ ಇಡಬೇಕು, ಹದಿನೈದು ಕಲಮುಗಳ ನಮೂನೆ ತುಂಬಬೇಕು ಎಂದರೆ ಅರ್ಧದಷ್ಟು ಜನ ಅಲ್ಲಿಯೇ ನಿಲ್ಲುತ್ತಾರೆಂದು ಭಾವಿಸಿದರೂ ತಪ್ಪಾಗದು. ಅಮೆರಿಕದ ತಜ್ಞ ಜೇರೆಡ್ ಸ್ಪೂಲ್ ಅವರು 2009ರಲ್ಲಿ ಬರೆದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ದೊಡ್ಡ ಮಾರಾಟ ಸಂಸ್ಥೆಯೊಂದು ಹಣ ಪಾವತಿಗೆ ಮುನ್ನ ನೋಂದಣಿಯನ್ನು ಕಡ್ಡಾಯ ಮಾಡಿತ್ತು. ನೋಂದಣಿಯ ಗುಂಡಿಯನ್ನು ತೆಗೆದು 'ಮುಂದುವರಿಯಿರಿ' ಎಂಬ ಗುಂಡಿಯನ್ನಿಟ್ಟು, ಖಾತೆ ತೆರೆಯುವುದು ಐಚ್ಛಿಕವೆಂದು ತಿಳಿಸಲಾಯಿತು. ಖರೀದಿ ಪೂರ್ಣಗೊಳಿಸಿದ ಗ್ರಾಹಕರ ಸಂಖ್ಯೆ ಶೇ. 45ರಷ್ಟು ಏರಿ, ಮೊದಲ ವರ್ಷದಲ್ಲಿ 30 ಕೋಟಿ ಡಾಲರಿನಷ್ಟು ಹೆಚ್ಚುವರಿ ವಹಿವಾಟು ನಡೆಯಿತೆಂದು ಅವರು ತಿಳಿಸಿದ್ದಾರೆ. ನಮ್ಮ ವಹಿವಾಟು ಚಿಕ್ಕದಿರಬಹುದು, ನಿಯಮ ಅದೇ. ವಿಚಾರಣೆಯ ಹಂತದಲ್ಲಿ ಹೆಸರು, ದೂರವಾಣಿ, ಬೇಕಾದ ಸರಕು ಇವಿಷ್ಟೇ ಸಾಕು. ಜಿಎಸ್‌ಟಿ ಸಂಖ್ಯೆಯನ್ನು ಬೀಜಕ ತಯಾರಿಸುವಾಗ ಕೇಳಬಹುದು.

6. ಕೊನೆಯಲ್ಲಿ ಏರುವ ಬೆಲೆ

ಮೊದಲ ಪುಟದಲ್ಲಿ ಒಂದು ದರ, ಪಾವತಿಯ ಹಂತಕ್ಕೆ ಬಂದಾಗ ಪ್ಯಾಕಿಂಗ್, ಸಾಗಾಟ, ನಿರ್ವಹಣಾ ಶುಲ್ಕ ಸೇರಿ ಮತ್ತೊಂದು ದರ ಎಂದಾದರೆ ಗ್ರಾಹಕರು ಮೋಸ ಹೋದಂತೆ ಭಾವಿಸುತ್ತಾರೆ. ಅಂತಿಮ ಗ್ರಾಹಕರಿಗೆ ಆನ್‌ಲೈನ್ ಮೂಲಕ ಮಾರುವವರಿಗೆ ಇದು ಕಾನೂನಿನ ಪ್ರಶ್ನೆಯೂ ಹೌದು. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಎಲ್ಲ ಶುಲ್ಕ ಹಾಗೂ ತೆರಿಗೆ ಸೇರಿದ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ, ವಿಭಜನೆ ಸಹಿತ ತಿಳಿಸಬೇಕು. ಮೊದಲೇ ಗುರುತು ಹಾಕಿಟ್ಟ ಚೌಕಗಳ ಮೂಲಕ ಗ್ರಾಹಕರ ಒಪ್ಪಿಗೆ ಪಡೆಯುವಂತಿಲ್ಲ. ದೂರು ಪರಿಹಾರಾಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಿ, ಬಂದ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದುದಾಗಿ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು.

ಇದಲ್ಲದೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಬೆಲೆಯನ್ನು ಹಂತ ಹಂತವಾಗಿ ಬಯಲು ಮಾಡುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, 'ಇನ್ನೆರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು, ಪದೇ ಪದೇ ಕಾಡುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಸಿದ್ಧ ನಮೂನೆಗಳಲ್ಲಿ ಇಂತಹ ತಂತ್ರಗಳು ಅಡಕವಾಗಿರುವ ಸಂಭವವಿದೆ. ಹೊಣೆ ಮಾತ್ರ ಮಾರಾಟಗಾರರದು.

7. ಮೊಬೈಲ್ ಪರದೆ ಮತ್ತು ಕನ್ನಡ ಅಕ್ಷರ

ಕಚೇರಿಯ ದೊಡ್ಡ ಪರದೆಯಲ್ಲಿ ಸೊಗಸಾಗಿ ಕಾಣುವ ಪುಟವು ಮೊಬೈಲಿನಲ್ಲಿ ಇರುವೆಯ ಸಾಲಿನಂತೆ ಕಾಣಬಹುದು. ಮೊಬೈಲಿಗೆ ಹೊಂದುವ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಆದ್ಯತೆ ನೀಡುವ ಕ್ರಮವನ್ನು ಗೂಗಲ್ 2015ರ ಏಪ್ರಿಲಿನಲ್ಲಿಯೇ ಆರಂಭಿಸಿತು.

ಕನ್ನಡದಲ್ಲಿ ಪುಟ ಸಿದ್ಧಪಡಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ಬೆರಳಚ್ಚು ಮಾಡಿದ ಪಠ್ಯವು, ಆ ಅಕ್ಷರ ಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಈ ತೊಂದರೆ ತಪ್ಪಿಸಲು ಕರಪತ್ರವನ್ನು ಚಿತ್ರವಾಗಿ ಏರಿಸಿದರೆ, ಅದರಲ್ಲಿರುವ ಪದಗಳನ್ನು ಹುಡುಕಾಟದ ಮೂಲಕ ಕಂಡುಕೊಳ್ಳುವುದು ಕಷ್ಟ. ಪಠ್ಯವೆಲ್ಲ ಯೂನಿಕೋಡ್‌ನಲ್ಲಿಯೇ ಇರಬೇಕೆಂದು ಕರಾರಿನಲ್ಲಿ ಬರೆಸುವುದು ಒಳಿತು.

8. ಹಳಸಿದ ಮಾಹಿತಿ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. ಇಂದಿಗೂ ವ್ಯಾಟ್ ಕಾಲದ ಟಿನ್ ಸಂಖ್ಯೆಯನ್ನು ಪ್ರದರ್ಶಿಸುವ ಜಾಲತಾಣವನ್ನು ಕಂಡರೆ, ಸಂಸ್ಥೆ ನಡೆಯುತ್ತಿದೆಯೋ ಇಲ್ಲವೋ ಎಂಬ ಸಂದೇಹ ಖರೀದಿದಾರರಲ್ಲಿ ಮೂಡುವುದು ಸಹಜ. ಒತ್ತಿದರೆ ತೆರೆಯದ ಕೊಂಡಿಗಳು, ನಿವೃತ್ತರಾದ ವ್ಯವಸ್ಥಾಪಕರ ಮೊಬೈಲ್ ಸಂಖ್ಯೆ, ತಯಾರಿಕೆ ನಿಲ್ಲಿಸಿದ ಸರಕಿನ ಚಿತ್ರ ಇವೂ ಇದೇ ಬಗೆಯವು. ಸುರಕ್ಷತಾ ಪ್ರಮಾಣಪತ್ರವಿಲ್ಲದ ಜಾಲತಾಣಗಳನ್ನು 2018ರ ಜುಲೈಯಿಂದ ಕ್ರೋಮ್ ಬ್ರೌಸರ್ 'ಸುರಕ್ಷಿತವಲ್ಲ' ಎಂದು ಗುರುತಿಸಲಾರಂಭಿಸಿತು. ಆ ಎಚ್ಚರಿಕೆಯನ್ನು ಓದಿದ ಮೇಲೆ ಹಣ ಪಾವತಿಸುವವರು ವಿರಳ.

ಪರಿಶೀಲನೆಯ ಸುಲಭ ವಿಧಾನ

ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವಂತೆ, ಮೂರು ತಿಂಗಳಿಗೊಮ್ಮೆ ಜಾಲತಾಣವನ್ನೂ ಪರಿಶೀಲಿಸಬೇಕು. ಪರಿಶೀಲಿಸುವವರು ಮಾಲೀಕರಾಗಲಿ ವಿನ್ಯಾಸಕಾರರಾಗಲಿ ಆಗಿರಬಾರದು. ಅವರಿಗೆ ಎಲ್ಲವೂ ಎಲ್ಲಿದೆಯೆಂದು ಮೊದಲೇ ತಿಳಿದಿರುತ್ತದೆ. ಸಂಸ್ಥೆಗೆ ಸಂಬಂಧವಿಲ್ಲದ ಪರಿಚಿತರೊಬ್ಬರಿಗೆ, ಅವರದೇ ಮೊಬೈಲಿನಲ್ಲಿ, ಕಚೇರಿಯ ವೈ-ಫೈ ಬಳಸದೆ ಈ ಕೆಲಸಗಳನ್ನು ಮಾಡಲು ಹೇಳಿ, ಗಡಿಯಾರ ನೋಡುತ್ತ ಪಕ್ಕದಲ್ಲಿ ಮೌನವಾಗಿ ಕುಳಿತುಕೊಳ್ಳಿ:

(ಅ) ಸಂಸ್ಥೆ ಏನನ್ನು ತಯಾರಿಸುತ್ತದೆ ಅಥವಾ ಮಾರುತ್ತದೆ ಎಂದು ಮುಖಪುಟದಿಂದಲೇ ಹೇಳುವುದು.
(ಆ) ಒಂದು ನಿರ್ದಿಷ್ಟ ಸರಕಿನ ಅಳತೆ, ದರ್ಜೆ ಮತ್ತು ಕನಿಷ್ಠ ಆರ್ಡರನ್ನು ಹುಡುಕುವುದು.
(ಇ) ದೂರವಾಣಿ ಸಂಖ್ಯೆಯನ್ನು ಹುಡುಕಿ, ಒತ್ತಿ, ಕರೆ ಮಾಡುವುದು.
(ಈ) ಒಂದು ವಿಚಾರಣೆ ಕಳುಹಿಸುವುದು. ಅದು ಯಾರ ಕೈ ಸೇರಿತು, ಎಷ್ಟು ಹೊತ್ತಿಗೆ ಉತ್ತರ ಹೋಯಿತು ಎಂಬುದನ್ನು ನಾವು ಗುರುತಿಸಿಕೊಳ್ಳುವುದು.

ಅವರು ಎಲ್ಲಿ ತಡವರಿಸಿದರೋ ಅಲ್ಲಿಯೇ ನಮ್ಮ ಗ್ರಾಹಕರೂ ಮರಳಿ ಹೋಗುತ್ತಿದ್ದಾರೆಂದು ತಿಳಿಯಬೇಕು. ಡೊಮೈನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿದೆಯೇ, ಅದರ ನವೀಕರಣದ ದಿನಾಂಕ ಯಾವುದು, ಗುಪ್ತಪದಗಳು ನಮ್ಮ ಬಳಿ ಇವೆಯೇ ಎಂಬುದನ್ನೂ ಇದೇ ಸಂದರ್ಭದಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ. ನವೀಕರಣ ತಪ್ಪಿದರೆ ಜಾಲತಾಣ ಮಾತ್ರವಲ್ಲ, ಅದೇ ಹೆಸರಿನ ಇ-ಮೇಲ್ ಕೂಡ ಸ್ಥಗಿತಗೊಳ್ಳುತ್ತದೆ.

ಮೇಲೆ ಹೇಳಿದ ಬಹುಪಾಲು ದೋಷಗಳ ನಿವಾರಣೆಗೆ ಹೊಸ ಜಾಲತಾಣದ ಅಗತ್ಯವಿಲ್ಲ. ಇರುವುದರಲ್ಲಿ ಅನಾವಶ್ಯಕವಾದುದನ್ನು ತೆಗೆದು, ಗ್ರಾಹಕರು ಕೇಳುವುದನ್ನು ಮುಂದೆ ತಂದಿಟ್ಟರೆ ಸಾಕು. ಒಂದು ಮಧ್ಯಾಹ್ನದ ಪರಿಶೀಲನೆ ಮತ್ತು ವಿನ್ಯಾಸಕಾರರ ಕೆಲವು ದಿನಗಳ ಕೂಲಿ ಇದಕ್ಕೆ ತಗಲುವ ವೆಚ್ಚ. ಲೆಕ್ಕಕ್ಕೆ ಸಿಗದೆ ಸೋರಿಹೋಗುತ್ತಿರುವ ಆರ್ಡರುಗಳ ಎದುರಿನಲ್ಲಿ ಇದು ಅತ್ಯಲ್ಪ. ಸದಸ್ಯ ಬಾಂಧವರು ಈ ತ್ರೈಮಾಸಿಕದ ಲೆಕ್ಕ ಮುಗಿಸುವ ಮೊದಲು ತಮ್ಮ ಜಾಲತಾಣವನ್ನೊಮ್ಮೆ ಗ್ರಾಹಕರ ಕಣ್ಣಿನಿಂದ ನೋಡಲಿ ಎಂಬುದು ನನ್ನ ವಿನಂತಿ.